ಲಗ್ಗೆ ಬೇರೆ, ಮುತ್ತಿಗೆ ಬೇರೆ

ಮೆಚ್ಚಿನದನ್ನು ಪಟ್ಟಿ ಮಾಡುವ ಚಟ ನಮ್ಮ ಸಿನಿಮಾ ರಸಿಕರಿಗೆ ಹೊಸದೇನೂ ಅಲ್ಲ. ಮೆಚ್ಚಿನ ಹಾಡು, ಮೆಚ್ಚಿನ ಹೊಡೆದಾಟ, ಮೆಚ್ಚಿನ ಸಾವು, ಎಲ್ಲಕ್ಕೂ ಪಟ್ಟಿ ಉಂಟು. ಈಗ ಕೋಟೆ ಮುತ್ತಿಗೆಯ ದೃಶ್ಯಗಳಿಗೂ ಈ ಮರ್ಯಾದೆ ಸಂದಿದೆ. ನಾಲ್ಕು ಜನ ಸೇರಿದ ಕಡೆ ಮಾತು ತೆಗೆದು ನೋಡಿ. ಒಬ್ಬರು ‘ದಿ ಟೂ ಟವರ್ಸ್’ ಚಿತ್ರದ ಹೆಲ್ಮ್ಸ್ ಡೀಪ್ ಕೋಟೆಯನ್ನು ಹೊಗಳುತ್ತಾರೆ. ಇನ್ನೊಬ್ಬರು ‘ಕಿಂಗ್‌ಡಮ್ ಆಫ್ ಹೆವನ್’ ಚಿತ್ರದ ಜೆರೂಸಲೆಮನ್ನು ಎತ್ತುತ್ತಾರೆ. ಮೂರನೆಯವರು, ತಾಳೆಮರ ಬಗ್ಗಿಸಿ ಸೈನಿಕರನ್ನೇ ಕವಣೆಕಲ್ಲಿನಂತೆ ಗೋಡೆಯ ಆಚೆಗೆ ಎಸೆದ ‘ಬಾಹುಬಲಿ’ಯನ್ನು ಬಿಟ್ಟು ಬೇರೆ ಉಂಟೆ ಎಂದು ಮೇಜು ಗುದ್ದುತ್ತಾರೆ. ಇವರ ಆನಂದಕ್ಕೆ ಅಡ್ಡಬರುವ ಇಚ್ಛೆ ನನಗಿಲ್ಲ. ಟಿಕೆಟ್ಟಿಗೆ ಕೊಟ್ಟ ಹಣಕ್ಕೆ ಸಂತೋಷ ಸಿಕ್ಕಿದ್ದರೆ ಸಿಗಲಿ. ಆದರೆ ಒಂದು ತಕರಾರನ್ನು ಎತ್ತಲೇಬೇಕಾಗಿದೆ. ಈ ಮಹನೀಯರು ಮೆಚ್ಚಿಕೊಂಡು ಕುಳಿತಿರುವುದು ಮುತ್ತಿಗೆಯನ್ನೇ ಅಲ್ಲ, ಲಗ್ಗೆಯನ್ನು.

ನಮ್ಮ ಹಿರಿಯರಿಗೆ ಇವೆರಡರ ವ್ಯತ್ಯಾಸ ತಿಳಿದಿತ್ತು. ಆದ್ದರಿಂದಲೇ ಎರಡು ಮಾತು. ಇರುವೆ ಬೆಲ್ಲದ ಉಂಡೆಯನ್ನು ಮುತ್ತುತ್ತದೆ, ನೊಣ ಹಲಸಿನ ತೊಳೆಯನ್ನು ಮುತ್ತುತ್ತದೆ, ಸಾಲ ಕೊಟ್ಟವರು ಮನೆಯನ್ನು ಮುತ್ತುತ್ತಾರೆ. ಸುತ್ತುಗಟ್ಟಿ, ಹೋಗುವ ಬರುವ ದಾರಿಗಳನ್ನೆಲ್ಲ ಮುಚ್ಚಿ, ಒಳಗಿರುವುದೆಲ್ಲ ತೀರುವ ತನಕ ಕಾದು ಕೂಡುವುದು ಮುತ್ತಿಗೆ. ಏಣಿ ಹಾಕಿ, ಬೊಬ್ಬೆಯಿಟ್ಟು, ಒಮ್ಮೆಗೇ ಮೇಲೆ ಬೀಳುವುದು ಲಗ್ಗೆ. ಒಂದರ ಆಯುಧ ಹಸಿವು, ಇನ್ನೊಂದರದು ಕತ್ತಿ. ನಮ್ಮ ಶ್ರೀರಂಗಪಟ್ಟಣವನ್ನೇ ತೆಗೆದುಕೊಳ್ಳಿ. 1799ರ ಏಪ್ರಿಲ್ ಮೊದಲ ವಾರದಲ್ಲಿ ಜನರಲ್ ಹ್ಯಾರಿಸನ ಸೈನ್ಯ ಬಂದು ಬೀಡುಬಿಟ್ಟಿತು. ಒಡೆದ ಗೋಡೆಯ ಮೂಲಕ ಒಳನುಗ್ಗಿದ್ದು ಮೇ 4ರ ಮಧ್ಯಾಹ್ನ. ನುಗ್ಗಿದ ಕೆಲಸ ಕೆಲವು ಗಂಟೆಗಳದು. ಅದರ ಹಿಂದಿನ ಕೆಲಸ ಒಂದು ತಿಂಗಳಿನದು. ಆ ತಿಂಗಳಲ್ಲಿ ಹೊರಗೆ ಕುಳಿತಿದ್ದ ಇಂಗ್ಲಿಷರ ಪಾಳೆಯದಲ್ಲೇ ಅಕ್ಕಿಗೆ ತತ್ವಾರವಾಗಿತ್ತು. ಸಿನಿಮಾದವರನ್ನು ಕರೆದು ಈ ಕಥೆ ಹೇಳಿದರೆ ಅವರು ತಿಂಗಳನ್ನು ಹಿಂದಕ್ಕೆ ಕೊಟ್ಟು ಗಂಟೆಗಳನ್ನು ಮಾತ್ರ ಇಟ್ಟುಕೊಳ್ಳುತ್ತಾರೆ.

ಇದು ಇಂದಿನ ಚಾಳಿಯೆಂದು ತಿಳಿಯಬೇಡಿ. ಬೆಳ್ಳಿತೆರೆಯ ಮೊಟ್ಟಮೊದಲ ಮಹಾಮುತ್ತಿಗೆಗಳಲ್ಲೊಂದು ಡಿ. ಡಬ್ಲ್ಯು. ಗ್ರಿಫಿತ್ 1916ರಲ್ಲಿ ತೆಗೆದ ‘ಇಂಟಾಲರೆನ್ಸ್’ ಚಿತ್ರದ ಬ್ಯಾಬಿಲಾನ್. ಆಕಾಶ ಮುಟ್ಟುವ ಗೋಡೆಗಳು, ಕಂಬಗಳ ತುದಿಯಲ್ಲಿ ಕುಳಿತ ಕಲ್ಲಾನೆಗಳು, ಆನೆಗಳು ತಳ್ಳಿಕೊಂಡು ಬರುವ ಮರದ ಗೋಪುರಗಳು, ಮೇಲಿನಿಂದ ಉದುರುವ ಮನುಷ್ಯರು! ನೂರು ವರ್ಷ ದಾಟಿದರೂ ಇಂದಿನ ನಿರ್ದೇಶಕರು ನಕಲು ಮಾಡುತ್ತಿರುವುದು ಅದನ್ನೇ. ಆದರೆ ಚರಿತ್ರೆಯ ಬ್ಯಾಬಿಲಾನ್ ಕ್ರಿಸ್ತಪೂರ್ವ 539ರಲ್ಲಿ ಪರ್ಷಿಯದ ಸೈರಸ್ಸನ ಕೈಸೇರಿದಾಗ, ಸೈನ್ಯ ಕದನವಿಲ್ಲದೆ ಊರೊಳಕ್ಕೆ ಬಂತೆಂದು ಆ ಕಾಲದ ಬಾಬಿಲೋನಿಯದ ವೃತ್ತಾಂತವೇ ಬರೆದಿಟ್ಟಿದೆ. ಎಂದರೆ, ಸಿನಿಮಾ ಮುತ್ತಿಗೆಗಳ ಆದಿಪುರುಷನಾದ ದೃಶ್ಯ ನಡೆದೇ ಇಲ್ಲದ ಒಂದು ಲಗ್ಗೆಯದು. ಅಲ್ಲಿಂದ ಹಿಡಿದ ದಾರಿ ಇನ್ನೂ ಬಿಟ್ಟಿಲ್ಲ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂ ಎಂಬ ಗಾದೆ ಈ ದೃಶ್ಯಗಳಿಗೆಂದೇ ಹುಟ್ಟಿದಂತಿದೆ. ಒಳಗಿನವರ ಹೊಟ್ಟೆಗೆ ಹಿಟ್ಟು ಎಲ್ಲಿಂದ ಬಂತು ಎಂದು ಯಾರೂ ಕೇಳುವುದಿಲ್ಲ. ಗೋಡೆಯ ಜುಟ್ಟಿಗೆ ಮಾತ್ರ ಬೆಂಕಿಯ ಮಲ್ಲಿಗೆ.

ಹೆಲ್ಮ್ಸ್ ಡೀಪ್ ಬಗ್ಗೆ ಎರಡು ಮಾತು ಹೇಳದಿದ್ದರೆ ತರುಣ ಮಿತ್ರರು ನನ್ನನ್ನು ಬಿಡಲಾರರು. ಪೀಟರ್ ಜ್ಯಾಕ್ಸನ್ 2002ರಲ್ಲಿ ತೆರೆಗೆ ತಂದ ಆ ಕಾಳಗಕ್ಕೆ ತಿಂಗಳುಗಟ್ಟಲೆ ರಾತ್ರಿ ಹೊತ್ತು ಚಿತ್ರೀಕರಣ ನಡೆಯಿತು. ಆ ದುಡಿಮೆಗೆ ನನ್ನ ನಮಸ್ಕಾರ. ಹತ್ತು ಸಾವಿರ ರಾಕ್ಷಸರು ಮಳೆಯಲ್ಲಿ ನಿಂತು ಈಟಿಗಳನ್ನು ನೆಲಕ್ಕೆ ಕುಟ್ಟುವಾಗ ಎದೆ ಜಗ್ಗೆನ್ನುವುದೂ ನಿಜ. ಆದರೆ ಸ್ವಾಮೀ, ಕತ್ತಲಾದ ಮೇಲೆ ಬಂದವರು ಬೆಳಗಾಗುವ ಹೊತ್ತಿಗೆ ಸೋತು ಓಡಿದರು. ಅತ್ತೆಯ ಮನೆಗೆ ಬಂದ ಅಳಿಯನೂ ಇದಕ್ಕಿಂತ ಹೆಚ್ಚು ಹೊತ್ತು ಮುತ್ತಿಗೆ ಹಾಕುತ್ತಾನೆ. ನನ್ನನ್ನು ಕೇಳಿದರೆ ಆ ಚಿತ್ರದಲ್ಲಿ ನಿಜವಾದ ಮುತ್ತಿಗೆ ಇರುವುದು ಕಾಳಗಕ್ಕೆ ಮೊದಲಿನ ಕೆಲವೇ ನಿಮಿಷಗಳಲ್ಲಿ: ಮುದುಕರ ಕೈಗೂ ಮೀಸೆ ಮೂಡದ ಹುಡುಗರ ಕೈಗೂ ತುಕ್ಕು ಹಿಡಿದ ಕತ್ತಿಗಳನ್ನು ಹಂಚುವಾಗ, ತಾಯಂದಿರನ್ನು ಗುಹೆಗಳ ಒಳಕ್ಕೆ ಕಳುಹಿಸುವಾಗ. ರಸಿಕರ ಪಟ್ಟಿಯಲ್ಲಿ ಆ ನಿಮಿಷಗಳು ಬಂದುದನ್ನು ನಾನು ಕಾಣೆ.

‘ಕಿಂಗ್‌ಡಮ್ ಆಫ್ ಹೆವನ್’ ಚಿತ್ರದ್ದು ಇನ್ನೂ ದೊಡ್ಡ ಲೋಪ, ಏಕೆಂದರೆ ಅದು ಚರಿತ್ರೆಯ ಹೆಸರು ಹೇಳಿ ಊಟಕ್ಕೆ ಕುಳಿತಿದೆ. 1187ರ ಸೆಪ್ಟೆಂಬರ್ 20ರಿಂದ ಅಕ್ಟೋಬರ್ 2ರವರೆಗೆ ಸಲಾದಿನ್ ಜೆರೂಸಲೆಮನ್ನು ಮುತ್ತಿದ. ರಿಡ್ಲಿ ಸ್ಕಾಟ್ 2005ರಲ್ಲಿ ತೋರಿಸಿದ ಹಾಗೆ ಮರದ ಗೋಪುರಗಳು ಒಂದರ ಮೇಲೊಂದು ಮಗುಚಿ ಬೀಳುವುದು ಕಣ್ಣಿಗೆ ಹಬ್ಬ. ಆಮೇಲೆ ಸುಲ್ತಾನ ದೊಡ್ಡ ಮನಸ್ಸು ಮಾಡಿ, ಊರಿನ ಸಮಸ್ತರನ್ನೂ ಕ್ಷೇಮವಾಗಿ ಕಳುಹಿಸಿಕೊಡುತ್ತೇನೆ ಎನ್ನುತ್ತಾನೆ, ನಾವು ಕಣ್ಣೊರೆಸಿಕೊಳ್ಳುತ್ತೇವೆ. ನಡೆದದ್ದು ಬೇರೆ. ತಲೆಗಿಷ್ಟು ಎಂದು ಬಿಡುಗಡೆಯ ದರ ಗೊತ್ತಾಯಿತು: ಗಂಡಸಿಗೆ 10 ದಿನಾರ್, ಹೆಂಗಸಿಗೆ 5, ಮಕ್ಕಳಿಗೆ ಅದಕ್ಕೂ ಕಡಿಮೆ. ಸುಲ್ತಾನನೂ ಅವನ ತಮ್ಮನೂ ಎಷ್ಟೋ ಬಡವರನ್ನು ಪುಕ್ಕಟೆಯಾಗಿ ಬಿಟ್ಟರೆಂಬುದೂ ಚರಿತ್ರೆಯೇ. ಆದರೂ ಹಣ ತೆರಲಾರದ ಸಾವಿರಾರು ಜನ ಗುಲಾಮರಾದರು. ಮೊದಲ ಕ್ರೂಸೇಡಿನವರು 1099ರಲ್ಲಿ ಇದೇ ಊರಿನಲ್ಲಿ ನಡೆಸಿದ ಕಗ್ಗೊಲೆಯೊಡನೆ ಹೋಲಿಸಿದರೆ ಸಲಾದಿನ್ ದೇವರಂಥವನೇ ಸರಿ. ಅದರೂ ಊರಬಾಗಿಲಲ್ಲಿ ಒಬ್ಬ ಕಾರಕೂನ ಕುಳಿತು, ಗಂಡ ಹೆಂಡತಿ ಮಕ್ಕಳನ್ನು ಎಣಿಸಿ, ಗಂಟು ಬಿಚ್ಚಿಸಿ, ನಾಣ್ಯ ಸಾಲದವರನ್ನು ಬೇರೆ ಸಾಲಿಗೆ ನಿಲ್ಲಿಸಿದ್ದನ್ನು ಊಹಿಸಿಕೊಳ್ಳಿ. ಒಂದು ಸಂಸಾರದಲ್ಲಿ ನಾಲ್ವರಿಗೆ ಹಣವಿದೆ, ಐದನೆಯವರಿಗೆ ಇಲ್ಲ. ಯಾರನ್ನು ಬಿಟ್ಟು ಹೋಗುವುದು? ಅಂಥ ಒಂದು ದೃಶ್ಯದ ಮುಂದೆ ನೂರು ಗೋಪುರಗಳನ್ನು ನಾನು ನಿವಾಳಿಸಿ ಒಗೆಯುತ್ತೇನೆ. ನಿರ್ದೇಶಕ ಮಹಾಶಯರಿಗೆ ಅದು ಬೇಡವಾಯಿತು.

ಇನ್ನು 1964ರ ‘ಜುಲು’. ಹಳಬರ ಪಟ್ಟಿಗಳಲ್ಲಿ ಇದಕ್ಕೆ ಅಗ್ರತಾಂಬೂಲ. 1879ರ ಜನವರಿ 22ರಂದು ದಕ್ಷಿಣ ಆಫ್ರಿಕದ ರೋರ್ಕ್ಸ್ ಡ್ರಿಫ್ಟ್ ಎಂಬಲ್ಲಿ ಸುಮಾರು ನೂರೈವತ್ತು ಮಂದಿ ಬ್ರಿಟಿಷ್ ಸಿಪಾಯಿಗಳು ಮೂರು ನಾಲ್ಕು ಸಾವಿರ ಜುಲು ಯೋಧರನ್ನು ಒಂದು ಹಗಲು ಒಂದು ರಾತ್ರಿ ತಡೆದು ನಿಲ್ಲಿಸಿದರು. 11 ಜನರಿಗೆ ವಿಕ್ಟೋರಿಯಾ ಕ್ರಾಸ್ ಬಂತು. ಚಿತ್ರ ಚೆನ್ನಾಗಿದೆ, ಇಲ್ಲವೆನ್ನಲಾರೆ. ಆದರೆ ನೋಡುವಾಗ ನನ್ನ ಕಣ್ಣು ಹೋದದ್ದು ಅವರು ಕಟ್ಟಿಕೊಂಡ ಗೋಡೆಯ ಮೇಲೆ. ಅದು ಕಲ್ಲಿನದಲ್ಲ, ಇಟ್ಟಿಗೆಯದಲ್ಲ. ಮುಸುಕಿನ ಜೋಳದ ಮೂಟೆಗಳೂ ಬಿಸ್ಕತ್ತಿನ ಪೆಟ್ಟಿಗೆಗಳೂ. ಸೈನ್ಯದ ಉಗ್ರಾಣವನ್ನೇ ಗೋಡೆಯಾಗಿ ಜೋಡಿಸಿದ್ದರು. ಹೊರಗಿನಿಂದ ಓಡಿ ಬಂದವರೋ, ಎರಡು ದಿನದಿಂದ ಸರಿಯಾಗಿ ಉಣ್ಣದವರು. ಅಲ್ಲದೆ ಹನ್ನೊಂದು ದಿನಗಳ ಹಿಂದೆ, ಅದೇ ಜನವರಿ 11ರಂದು, ಗಡಿ ದಾಟಿ ಜುಲುಗಳ ರಾಜ್ಯಕ್ಕೆ ನುಗ್ಗಿದವರು ಇದೇ ಬ್ರಿಟಿಷರು. ಹಸಿದವರು ಅನ್ನದ ಗೋಡೆಯನ್ನು ಏರಲು ಹೋಗಿ ಸಾಯುತ್ತಿದ್ದಾರೆ, ತಮ್ಮದೇ ಸೀಮೆಯನ್ನು ಉಳಿಸಿಕೊಳ್ಳಲು. ಇಷ್ಟು ದೊಡ್ಡ ಸಂಗತಿ ಕ್ಯಾಮೆರಾದ ಎದುರಿಗೇ ಮೂಟೆಮೂಟೆಯಾಗಿ ಬಿದ್ದಿದೆ. ಕ್ಯಾಮೆರಾ ಮಾತ್ರ ಕೆಂಪು ಕೋಟುಗಳನ್ನು ನೋಡುತ್ತ ಮೈಮರೆತಿದೆ. ಜುಲು ದೊರೆ ಸೆಟ್ಶ್‌ವಾಯೋನ ಪಾತ್ರವನ್ನು ಅವನ ಮರಿಮಗ ಮಾಂಗೊಸುತು ಬುಥೆಲೆಜಿಯವರೇ ವಹಿಸಿದ್ದರು. ವೇಷ ಅವರಿಗೆ ಸಿಕ್ಕಿತು, ಕಥೆ ಸಿಗಲಿಲ್ಲ.

ಮುತ್ತಿಗೆಯ ದೃಶ್ಯದಲ್ಲಿ ಕ್ಯಾಮೆರಾ ಸಾಮಾನ್ಯವಾಗಿ ಗೋಡೆಯ ಒಳಗೇ ನಿಲ್ಲುತ್ತದೆ. ಒಳಗಿದ್ದವನು ನಾಯಕ, ಹೊರಗಿದ್ದವನು ಹುಳು. ಒಳಗಿನವನಿಗೆ ಹೆಸರುಂಟು, ಹೆಂಡತಿಯುಂಟು, ಕೊನೆಯ ಮಾತುಂಟು; ಹೊರಗಿನವನಿಗೆ ಏಣಿ ಮಾತ್ರ. ಈ ಅಭ್ಯಾಸ ಬಲಿತ ಮೇಲೆ, ಮುತ್ತಿಗೆಯೆಂದರೆ ಒಳ್ಳೆಯವರ ಮೇಲೆ ಕೆಟ್ಟವರು ಬೀಳುವುದು ಎಂಬ ಬಾಲಪಾಠ ನಮ್ಮ ತಲೆಯಲ್ಲಿ ಗಟ್ಟಿಯಾಗಿ ಕೂತುಬಿಟ್ಟಿದೆ.

ಹಾಗಾದರೆ ಸಿನಿಮಾಗೆ ಮುತ್ತಿಗೆ ಎಟುಕದ ವಸ್ತುವೇ? ಎಟುಕುತ್ತದೆ ಎನ್ನುವುದಕ್ಕೆ ನನ್ನ ಬಳಿ ಸಾಕ್ಷಿಯಿದೆ, ಅದೂ ಕೋಟೆಯೇ ಇಲ್ಲದ ಒಂದು ಚಿತ್ರದಲ್ಲಿ. ಅಕಿರ ಕುರೊಸಾವ 1954ರಲ್ಲಿ ತೆಗೆದ ‘ಸೆವೆನ್ ಸಮುರಾಯ್’. ಚಿತ್ರಸಮಾಜವೊಂದರ ಮಡಿಸುವ ಕುರ್ಚಿಯ ಮೇಲೆ ಬೆನ್ನು ನೋಯಿಸಿಕೊಂಡು ಅದನ್ನು ಮೊದಲ ಸಲ ನೋಡಿದಾಗ, 207 ನಿಮಿಷ ಕಳೆದದ್ದು ತಿಳಿಯಲಿಲ್ಲ. ಬೆಳೆ ಕೊಯ್ಲಿಗೆ ಬಂದಾಗ ಬಂದು ದೋಚುವ ನಲವತ್ತು ದರೋಡೆಗಾರರು. ಅವರನ್ನು ತಡೆಯಲು ಏಳು ಜನ ಕತ್ತಿಗಾರರನ್ನು ಹಿಡಿದು ತರುವ ಬಡ ರೈತರು. ಕೊಡಲು ಹಣವಿಲ್ಲ. ಹೊಟ್ಟೆತುಂಬ ಅನ್ನ ಹಾಕುತ್ತೇವೆ, ಅಷ್ಟೇ. ಅವರಿಗೆ ಅನ್ನ ಹಾಕುವ ಸಲುವಾಗಿ ರೈತರು ತಾವು ನವಣೆಯಂಥ ಕಿರುಧಾನ್ಯ ಬೇಯಿಸಿಕೊಂಡು ನುಂಗುತ್ತಾರೆ. ಆ ಸ್ವಲ್ಪ ಅಕ್ಕಿಯನ್ನೂ ರಾತ್ರಿ ಯಾರೋ ಕದ್ದಾಗ, ನೆಲದ ಮೇಲೆ ಚೆಲ್ಲಿದ ಕಾಳುಗಳನ್ನು ಒಬ್ಬ ರೈತ ಒಂದೊಂದಾಗಿ ಆರಿಸುತ್ತಾನೆ. ರೈತರು ತಾವು ಕಿರುಧಾನ್ಯ ತಿನ್ನುವುದು ಗೊತ್ತಾದ ಮೇಲೆಯೇ ಹಿರಿಯ ಸಮುರಾಯ್ ಕಂಬೆಯಿ ಅನ್ನದ ಬಟ್ಟಲನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು ಆ ಕೆಲಸಕ್ಕೆ ಒಪ್ಪುವುದು. ನನ್ನ ಮೆಚ್ಚಿನ ಮುತ್ತಿಗೆ ದೃಶ್ಯ ಯಾವುದೆಂದು ಕೇಳಿದರೆ ಇದನ್ನೇ ಹೇಳುತ್ತೇನೆ. ಶತ್ರು ಇನ್ನೂ ಕಣ್ಣಿಗೆ ಬಿದ್ದಿಲ್ಲ, ಬಾಣ ಹಾರಿಲ್ಲ. ಒಂದು ಬಟ್ಟಲು ಅನ್ನ ಕೈಯಿಂದ ಕೈಗೆ ಹೋಗಿದೆ. ಮುತ್ತಿಗೆ ಆಗಲೇ ಶುರುವಾಗಿದೆ.

ಮುಂದಿನದನ್ನೂ ನೋಡಿ. ಕಾಳಗಕ್ಕೆ ಮೊದಲು ಕಂಬೆಯಿ ಊರನ್ನು ಸುತ್ತಿ ಅಳೆಯುತ್ತಾನೆ. ಕೊಯ್ಲಾದ ಗದ್ದೆಗೆ ನೀರು ಹಾಯಿಸಿ ಅದನ್ನೇ ಕಂದಕ ಮಾಡುತ್ತಾರೆ. ಹಳ್ಳದ ಆಚೆ ಮೂರು ಮನೆಗಳಿವೆ. ಅವನ್ನು ಕಾಪಾಡಲು ಹೋದರೆ ಈಚೆಯ ಇಪ್ಪತ್ತು ಮನೆ ಹೋಗುತ್ತವೆ. ಆದ್ದರಿಂದ ಮೂರನ್ನು ಬಿಟ್ಟುಕೊಡಬೇಕು. ಆ ಮೂರು ಮನೆಯವರು, ನಮ್ಮ ಮನೆ ನಾವೇ ಕಾಯ್ದುಕೊಳ್ಳುತ್ತೇವೆ ಎಂದು ಈಟಿ ಬಿಸಾಡಿ ಹೊರಟಾಗ, ಅದುವರೆಗೂ ಸಾಧುವಿನಂತಿದ್ದ ಕಂಬೆಯಿ ಕತ್ತಿ ಹಿರಿದು ಅವರನ್ನು ಅಟ್ಟಿಸಿಕೊಂಡು ಬಂದು ಸಾಲಿಗೆ ಸೇರಿಸುತ್ತಾನೆ. ಗೋಡೆ ಎಲ್ಲಿ ನಿಲ್ಲಬೇಕು, ಯಾರು ಅದರ ಹೊರಗಾಗಬೇಕು ಎಂಬ ಪ್ರಶ್ನೆ ಎಲ್ಲ ಮುತ್ತಿಗೆಗಳ ನಡುಮನೆ. ಅದನ್ನು ಇಷ್ಟು ನಿರ್ದಾಕ್ಷಿಣ್ಯವಾಗಿ ಕೇಳಿದ ಚಿತ್ರ ಬೇರೊಂದಿಲ್ಲ. ಕಾಳಗ ನಡೆದಾಗಲೂ ಲೆಕ್ಕ ತಪ್ಪುವುದಿಲ್ಲ: ಒಂದು ಹಾಳೆಯ ಮೇಲೆ ದರೋಡೆಗಾರರಿಗೆ ಒಂದೊಂದು ಸೊನ್ನೆ, ಸತ್ತ ಹಾಗೆಲ್ಲ ಒಂದೊಂದಕ್ಕೆ ಗೀಟು. ಏಳರಲ್ಲಿ ನಾಲ್ವರು ಸಾಯುತ್ತಾರೆ; ನಾಲ್ವರೂ ಕೋವಿಯ ಗುಂಡಿಗೇ ಬಲಿ, ಕತ್ತಿಗಲ್ಲ. ಕೊನೆಗೆ ರೈತರು ಹಾಡುತ್ತ ನಾಟಿ ಹಾಕುತ್ತಾರೆ. ಉಳಿದ ಕತ್ತಿಗಾರರು ಗೋರಿಗಳ ಕೆಳಗೆ ನಿಂತು ಅದನ್ನು ನೋಡುತ್ತಾರೆ. ಅನ್ನದಿಂದ ಮೊದಲಾದ ಕಥೆ ಪೈರಿನಲ್ಲಿ ಮುಗಿಯುತ್ತದೆ.

ಇದಕ್ಕೆ ಹೋಲಿಸಿದರೆ ಚಿಕ್ಕದಾದರೂ ಹಾವರ್ಡ್ ಹಾಕ್ಸ್‌ರ ‘ರಿಯೊ ಬ್ರಾವೊ’ (1959) ನನಗೆ ಪ್ರಿಯವೇ. ಒಂದು ಸಣ್ಣ ಊರಿನ ಜೈಲು. ಒಳಗೆ ಒಬ್ಬ ಕೈದಿ, ಅವನನ್ನು ಕಾಯುವ ಒಬ್ಬ ಷೆರಿಫ್, ಒಬ್ಬ ಕುಂಟ ಮುದುಕ, ಒಬ್ಬ ಕುಡುಕ, ಒಬ್ಬ ಹುಡುಗ. ಹೊರಗಿನವರು ಏಣಿ ಹಾಕುವುದಿಲ್ಲ. ಒಂದು ಮೇಳದವರಿಗೆ ದುಡ್ಡು ಕೊಟ್ಟು ರಾತ್ರಿಯೆಲ್ಲ ಒಂದೇ ರಾಗ ಊದಿಸುತ್ತಾರೆ, ಕ್ಷಮೆಯಿಲ್ಲ ಎಂಬ ಅರ್ಥದ ರಾಗ. ಕುಡುಕನ ಕೈ ನಡುಗುತ್ತದೆ. ಆ ನಡುಗುವ ಕೈಯೇ ಅಲ್ಲಿಯ ಕೋಟೆಗೋಡೆ; ಬಿರುಕು ಬಿಡಬೇಕಾದದ್ದು ಅದೇ. ಇದೇ ಜಾನ್ ವೇಯ್ನ್ ಮರುವರ್ಷ ತಾನೇ ನಿರ್ದೇಶಕನಾಗಿ ‘ದಿ ಅಲಾಮೊ’ ತೆಗೆದ. 1836ರಲ್ಲಿ 13 ದಿನ ನಡೆದ ನಿಜವಾದ ಮುತ್ತಿಗೆ, ಬಯಲಿನಲ್ಲಿ ಕಟ್ಟಿಸಿದ ದೊಡ್ಡ ಕೋಟೆ, ಸಾವಿರಾರು ಜನ. ನನಗೆ ನೆನಪಿನಲ್ಲಿ ಉಳಿದಿರುವುದು ಭಾಷಣಗಳು ಮಾತ್ರ.

ಈಗ ಆಕ್ಷೇಪಣೆ ಬರುತ್ತದೆ. “ಅಲ್ಲ ಸ್ವಾಮೀ, ಎರಡೂವರೆ ಗಂಟೆಯ ಆಟದಲ್ಲಿ ತಿಂಗಳುಗಟ್ಟಲೆ ಹಸಿವನ್ನು ತೋರಿಸುವುದು ಹೇಗೆ? ಜನ ಎದ್ದು ಹೋಗುವುದಿಲ್ಲವೆ?” ಹೋಗುವುದಿಲ್ಲ. ಚಾಪ್ಲಿನ್ 1925ರ ‘ದಿ ಗೋಲ್ಡ್ ರಷ್’ ಚಿತ್ರದಲ್ಲಿ ಹಿಮ ಮುತ್ತಿದ ಗುಡಿಸಲೊಳಗೆ ಕುಳಿತು ಬೂಟು ಬೇಯಿಸಿ ತಿಂದನಲ್ಲ, ಅದನ್ನು ನೋಡಿ ಎದ್ದು ಹೋದವರು ಯಾರು? ಲೋಕವೆಲ್ಲ ನಕ್ಕಿತು, ನಕ್ಕ ಮೇಲೆ ಒಂದು ಕ್ಷಣ ಸುಮ್ಮನಾಯಿತು. ಹಸಿವು ನಾಟಕವಲ್ಲ ಎನ್ನುವವರು ಹಸಿವನ್ನೂ ಅರಿಯರು, ನಾಟಕವನ್ನೂ ಅರಿಯರು.

ಲೆನಿನ್‌ಗ್ರಾಡ್ ನಗರವನ್ನು ಜರ್ಮನರು 1941ರ ಸೆಪ್ಟೆಂಬರ್ 8ರಂದು ಮುತ್ತಿದರು. ಬಿಡುಗಡೆಯಾದದ್ದು 1944ರ ಜನವರಿ 27ರಂದು. 872 ದಿನ. ಮೊದಲ ಚಳಿಗಾಲದಲ್ಲಿ, ನವೆಂಬರ್ 20ರಿಂದ ಡಿಸೆಂಬರ್ 25ರವರೆಗೆ, ಗುಮಾಸ್ತರಿಗೂ ಮಕ್ಕಳಿಗೂ ಮನೆಯಲ್ಲಿರುವವರಿಗೂ ದಿನಕ್ಕೆ ತಲಾ 125 ಗ್ರಾಂ ರೊಟ್ಟಿ, ಅದೂ ಹಿಟ್ಟಿಗೆ ಏನೇನೋ ಬೆರೆಸಿದ್ದು. ಸತ್ತವರನ್ನು ಲಕ್ಷಗಳಲ್ಲಿ ಎಣಿಸಬೇಕು. ಬಹುಮಂದಿ ಗುಂಡಿನಿಂದಲ್ಲ, ಹಸಿವಿನಿಂದ. ಗೋಡೆಯಿಲ್ಲ, ಏಣಿಯಿಲ್ಲ, ಲಗ್ಗೆ ಹತ್ತಿದವರೂ ಇಲ್ಲ. ಈ ಕಥೆಯನ್ನು ದೊಡ್ಡ ಚಿತ್ರವಾಗಿ ತೆಗೆಯಬೇಕೆಂದು ಇಟಲಿಯ ಸೆರ್ಜಿಯೊ ಲಿಯೋನೆ ವರ್ಷಗಟ್ಟಲೆ ಹವಣಿಸಿದರು. 1989ರಲ್ಲಿ ತೀರಿಕೊಂಡರು, ಚಿತ್ರ ಆಗಲಿಲ್ಲ. ಆಗಿದ್ದರೆ ಅವರೂ ತೋಪುಗಳಿಗೆ ಮನಸೋಲುತ್ತಿದ್ದರೋ ಏನೋ. ಸೆರ್ಗೆಯಿ ಲೋಜ್ನಿತ್ಸ ಎಂಬವರು ಬೇರೆ ದಾರಿ ಹಿಡಿದರು. ಮುತ್ತಿಗೆಯ ದಿನಗಳಲ್ಲೇ ಆ ಊರಿನಲ್ಲಿ ತೆಗೆದಿದ್ದ ಹಳೆಯ ಸುರುಳಿಗಳನ್ನು ಜೋಡಿಸಿ 52 ನಿಮಿಷದ ಚಿತ್ರ ಮಾಡಿದರು, ಹೆಸರು ‘ಬ್ಲಾಕೇಡ್’. ವಿವರಣೆಯ ದನಿಯಿಲ್ಲ, ಹಿನ್ನೆಲೆ ಸಂಗೀತವಿಲ್ಲ. ಹಿಮದಲ್ಲಿ ಹೂತುಹೋದ ಟ್ರಾಮು. ಬೀದಿಯ ನಡುವಿನ ತೂತಿನಿಂದ ನೀರು ಮೊಗೆಯುವ ಹೆಂಗಸರು. ಮಕ್ಕಳಾಟದ ಜಾರುಬಂಡಿಯ ಮೇಲೆ ಬಟ್ಟೆ ಸುತ್ತಿದ ಹೆಣ. ಪಕ್ಕದಲ್ಲೇ ನಡೆದು ಹೋಗುವವರು ಅದರತ್ತ ತಿರುಗಿಯೂ ನೋಡುವುದಿಲ್ಲ. ತಿರುಗಿ ನೋಡದ ಆ ತಲೆಗಳನ್ನು ನಾನು ಮರೆಯಲಾರೆ.

ಕಾಯುವುದೇ ಮುತ್ತಿಗೆಯ ತಿರುಳು ಎಂಬುದು ಅನುಭವಿಸಿದವರಿಗೆ ಗೊತ್ತು. ಸರಾಯೆವೊ ನಗರ 1992ರ ಏಪ್ರಿಲ್‌ನಿಂದ 1996ರ ಫೆಬ್ರವರಿಯವರೆಗೆ, ಎಂದರೆ ಲೆನಿನ್‌ಗ್ರಾಡಿಗಿಂತಲೂ ಹೆಚ್ಚು ಕಾಲ, ಮುತ್ತಿಗೆಯಲ್ಲಿತ್ತು. 1993ರಲ್ಲಿ ಸೂಸನ್ ಸಾಂಟಾಗ್ ಅಲ್ಲಿಗೆ ಹೋಗಿ ಅಲ್ಲಿಯ ನಟರಿಂದ ಒಂದು ನಾಟಕ ಆಡಿಸಿದರು. ಯಾವುದು? ಕತ್ತಿಕಾಳಗದ್ದಲ್ಲ, ವೀರಗಾಥೆಯಲ್ಲ; ಬೆಕೆಟ್ಟನ ‘ವೇಟಿಂಗ್ ಫಾರ್ ಗೊಡೊ’. ವಿದ್ಯುತ್ತಿಲ್ಲದ ರಂಗಮಂದಿರದಲ್ಲಿ ಮೇಣದ ಬತ್ತಿಯ ಬೆಳಕಿನಲ್ಲಿ, ಬಾರದವನಿಗಾಗಿ ಕಾಯುವ ಇಬ್ಬರ ಕಥೆ.

ಇಷ್ಟು ದೂರ ಹೋಗಬೇಕೇ ಎಂದು ವಾಚಕರು ಕೇಳಬಹುದು. ಬೇಕಾಗಿಲ್ಲ. ಮುತ್ತಿಗೆಯೆಂದರೆ ಏನೆಂದು ಸಿನಿಮಾದವರಿಗೆ ಪಾಠ ಹೇಳಬಲ್ಲ ದೃಶ್ಯವೊಂದು ನಮ್ಮ ಮನೆಯಲ್ಲೇ ಇದೆ. ನಾವೇ ಅದನ್ನು ಸರಿಯಾಗಿ ನೋಡಿಲ್ಲ. 1972ರ ‘ನಾಗರಹಾವು’ ಚಿತ್ರದಲ್ಲಿ ಪುಟ್ಟಣ್ಣ ಕಣಗಾಲರು ಹಾಡಿನ ರೂಪದಲ್ಲಿ ತೋರಿಸಿದ ಒನಕೆ ಓಬವ್ವನ ಪ್ರಸಂಗ. ಜಯಂತಿಯವರ ಕಣ್ಣು, ಕೈಯಲ್ಲಿ ಎತ್ತಿದ ಒನಕೆ, ಕನ್ನಡಿಗನಾದವನಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕೇಳಿದರೆ ಎಲ್ಲರೂ ಒನಕೆಯ ಏಟನ್ನು ಹೇಳುತ್ತಾರೆ. ಏಟಿಗೆ ಮೊದಲು ಏನಾಯಿತು?

ಹೈದರಾಲಿಯ ದಂಡು ಚಿತ್ರದುರ್ಗವನ್ನು ಸುತ್ತುಗಟ್ಟಿದೆ. ಕಾವಲಿನವನು ಮನೆಗೆ ಊಟಕ್ಕೆ ಬಂದಿದ್ದಾನೆ. ಅವನಿಗೆ ಕುಡಿಯಲು ನೀರಿಲ್ಲ. ಹೆಂಡತಿ ಕೊಡ ತೆಗೆದುಕೊಂಡು ಹೊರಟಿದ್ದಾಳೆ. ಬಂಡೆಯ ಕಿಂಡಿಯಲ್ಲಿ ಸಪ್ಪಳ. ಒಂದು ತಲೆ ಒಳಗೆ ತೂರುತ್ತಿದೆ. ಗಂಡನನ್ನು ಕರೆದರೆ ಅವನು ಅನ್ನದ ಮುಂದಿನಿಂದ ಏಳಬೇಕು. ಅವಳು ಕೂಗುವುದಿಲ್ಲ. ಮೂಲೆಯಲ್ಲಿ ಒರಗಿಸಿದ್ದ, ಕಾಳು ಕುಟ್ಟುವ ಒನಕೆಯನ್ನು ಎತ್ತಿಕೊಳ್ಳುತ್ತಾಳೆ. ಒಂದು ತುತ್ತು ಅನ್ನ, ಒಂದು ಕೊಡ ನೀರು, ಒಂದು ಒನಕೆ. ಮುತ್ತಿಗೆಯ ವಿಷಯವಾಗಿ ತಿಳಿಯಬೇಕಾದದ್ದೆಲ್ಲ ಈ ಮೂರರಲ್ಲಿದೆ. ಕೋಟೆಯ ಹೆಬ್ಬಾಗಿಲು ಅಲ್ಲಿ ತೋರಬೇಕಾಗಿಲ್ಲ, ದಂಡನಾಯಕ ಬೇಕಾಗಿಲ್ಲ. ಒಬ್ಬೊಬ್ಬನಾಗಿ ಬಂದವನನ್ನು ಹೊಡೆದು, ಹೆಣವನ್ನು ಬದಿಗೆ ಎಳೆದು, ಮತ್ತೆ ಬಂದು ನಿಲ್ಲುವ ಅವಳ ಕೆಲಸದಲ್ಲಿ ವೀರಾವೇಶಕ್ಕಿಂತ ಮನೆಗೆಲಸದ ಲಯವೇ ಹೆಚ್ಚು. ಕುಟ್ಟುವುದು, ಸರಿಸುವುದು, ಮತ್ತೆ ಕುಟ್ಟುವುದು. ಇದೆಲ್ಲ ಒಂದು ಹಾಡಿನ ಅವಧಿಯಲ್ಲಿ!

ಓಬವ್ವನ ಕಥೆ ದುರ್ಗದ ಜನ ಬಾಯಿಂದ ಬಾಯಿಗೆ ಉಳಿಸಿಕೊಂಡು ಬಂದದ್ದು. ದಾಖಲೆ ಎಲ್ಲಿ ಎಂದು ಕೇಳುವ ಪಂಡಿತರೊಡನೆ ನಾನು ಜಗಳಕ್ಕೆ ಹೋಗುವುದಿಲ್ಲ. ಆದರೆ ಆ ಕಿಂಡಿಯ ಹತ್ತಿರ ಹೋಗಿ ನಿಂತವರಿಗೆ ಒಂದು ಮಾತು ಹೊಳೆದೀತು. ಪಕ್ಕದಲ್ಲೇ ಇದೆ ತಣ್ಣೀರು ದೋಣಿ. ಮೇಲಕ್ಕೆ ಹತ್ತಿದರೆ ಗೋಪಾಲಸ್ವಾಮಿ ಹೊಂಡ, ಅದು ತುಂಬಿದರೆ ಅಕ್ಕ ತಂಗಿಯರ ಹೊಂಡ, ಅಲ್ಲಿಂದ ಕೆಳಕ್ಕೆ ಸಿಹಿನೀರು ಹೊಂಡ. ಬಂಡೆಯ ಮೇಲೆ ಬಿದ್ದ ಮಳೆಯ ನೀರನ್ನು ವ್ಯರ್ಥ ಮಾಡದೆ ಹೊಂಡದಿಂದ ಹೊಂಡಕ್ಕೆ ಇಳಿಸಿದ್ದಾರೆ. ಕಣಜಗಳುಂಟು, ಎಣ್ಣೆಯ ಕೊಳಗಳುಂಟು, ಮದ್ದು ಬೀಸುವ ದೊಡ್ಡ ಕಲ್ಲುಗಳುಂಟು. ನಾಯಕರು ಏಳು ಸುತ್ತು ಕಟ್ಟಿದ್ದು ಗೋಡೆಯನ್ನೆಂದು ನಾವು ಹಾಡುತ್ತೇವೆ. ಅವರು ಅಷ್ಟೇ ಶ್ರದ್ಧೆಯಿಂದ ಕಟ್ಟಿದ್ದು ನೀರನ್ನು. 1779ರಲ್ಲಿ ದುರ್ಗ ಬಿದ್ದದ್ದು ನಿಜ. ಆದರೆ ಹೈದರನಂಥವನನ್ನು ಮತ್ತೆ ಮತ್ತೆ ಬಂದು ಹೋಗುವಂತೆ ಮಾಡಿದ್ದು ಬರಿಯ ಕಲ್ಲಲ್ಲ. ಓಬವ್ವನ ಮೂರ್ತಿ ಕೆತ್ತಿಸುವಾಗ ನಾವು ಕೈಗೆ ಒನಕೆ ಕೊಟ್ಟೆವು, ಕೊಡವನ್ನು ಮರೆತೆವು. 2024ರ ಬೇಸಗೆಯಲ್ಲಿ ಬೆಂಗಳೂರಿನ ಕೊಳವೆಬಾವಿಗಳು ಬತ್ತಿ, ಖಾಲಿ ಬಿಂದಿಗೆ ಹಿಡಿದು ಟ್ಯಾಂಕರಿನ ದಾರಿ ನೋಡಿದವರಿಗೆ ಕೊಡದ ಬೆಲೆಯನ್ನು ನಾನು ಹೇಳಬೇಕಾಗಿಲ್ಲ.

ಸಿನಿಮಾ ಅಲ್ಲವೆ, ನೋಡಿ ಮರೆತರಾಯಿತು, ಇಷ್ಟೇಕೆ ಸಿಡಿಮಿಡಿ ಎನ್ನಬಹುದು. ಮರೆಯುವುದಿಲ್ಲ, ಅದೇ ಕಷ್ಟ. ನಮ್ಮಲ್ಲಿ ಬಹುಮಂದಿಗೆ ಯುದ್ಧದ ಪರಿಚಯವಿರುವುದು ತೆರೆಯ ಮೂಲಕವೇ. ಬೆಳಗಿನ ಕಾಫಿಯೊಡನೆ ಪತ್ರಿಕೆ ಬಿಡಿಸಿ ಯಾವುದೋ ಊರಿಗೆ ಮುತ್ತಿಗೆ ಎಂಬ ತಲೆಬರಹ ಓದಿದಾಗ ಮನಸ್ಸಿಗೆ ಬರುವುದು ಗೋಡೆ, ಬೆಂಕಿ, ನಾಯಕ. ಬರಬೇಕಾದದ್ದು ಖಾಲಿ ಅಂಗಡಿ, ಹಾಲಿಲ್ಲದ ಕೂಸು. ಮೊದಲನೆಯ ಚಿತ್ರ ಬಂದರೆ ನಾವು ಯಾವ ಪಕ್ಷ ಗೆದ್ದಿತು ಎಂದು ಕೇಳುತ್ತೇವೆ. ಎರಡನೆಯದು ಬಂದರೆ ದಾರಿ ಯಾವಾಗ ಬಿಡುತ್ತಾರೆ ಎಂದು ಕೇಳುತ್ತೇವೆ. ಇವೆರಡು ಪ್ರಶ್ನೆಗಳಿಗೆ ಅಜಗಜಾಂತರ.

ಈಚಿನ ಒಳ್ಳೆಯ ಮುತ್ತಿಗೆ ಚಿತ್ರಗಳನ್ನೆಲ್ಲ ತೆಗೆದವರು ಒಳಗೇ ಸಿಕ್ಕಿಕೊಂಡವರು. ಸಿರಿಯದ ಅಲೆಪ್ಪೊ ನಗರದಲ್ಲಿ ವಾದ್ ಅಲ್-ಕತೇಬ್ ಎಂಬ ತರುಣ ತಾಯಿ ತನ್ನ ಕೂಸನ್ನು ಎತ್ತಿಕೊಂಡೇ ಚಿತ್ರಿಸಿದ ‘ಫಾರ್ ಸಾಮಾ’ 2019ರಲ್ಲಿ ಬಂತು. ಗಂಡ ವೈದ್ಯ, ಆಸ್ಪತ್ರೆಯೇ ಮನೆ. ಬಾಂಬುಗಳ ನಡುವೆ ಒಂದು ಚಿಕ್ಕ ಘಟನೆ: ಅವಳ ಗೆಳತಿಗೆ ಗಂಡ ಒಂದು ಪರ್ಸಿಮನ್ ಹಣ್ಣು ತಂದುಕೊಡುತ್ತಾನೆ. ಒಂದೇ ಒಂದು ಹಣ್ಣು. ಆ ಹೆಂಗಸಿನ ಮುಖ ಅರಳುವುದನ್ನು ನೋಡಬೇಕು! ಯಾವ ರಾಣಿಗೂ ಯಾವ ರಾಜನೂ ಅಂಥ ಕಾಣಿಕೆ ಕೊಟ್ಟಿರಲಾರ. ಉಕ್ರೇನಿನ ಮರಿಯುಪೋಲ್ 2022ರಲ್ಲಿ ಮುತ್ತಿಗೆಗೆ ಸಿಕ್ಕಾಗ ಒಳಗುಳಿದ ಪತ್ರಕರ್ತ ಮ್ಸ್ತಿಸ್ಲಾವ್ ಚೆರ್ನೊವ್ ತೆಗೆದ ‘ಟ್ವೆಂಟಿ ಡೇಸ್ ಇನ್ ಮರಿಯುಪೋಲ್’ 2024ರಲ್ಲಿ ಆಸ್ಕರ್ ಪಡೆಯಿತು. ಅಲ್ಲಿ ಅಂಗಡಿ ನುಗ್ಗುವವರು ಶತ್ರುಗಳಲ್ಲ, ಊರಿನವರೇ. ಹಸಿವು ಮೊದಲು ಒಡೆಯುವುದು ನೆರೆಹೊರೆಯ ಮರ್ಯಾದೆಯನ್ನು. ಇವು ರಸಿಕರ ಪಟ್ಟಿಗೆ ಬರುವುದಿಲ್ಲ. ಸಾಕ್ಷ್ಯಚಿತ್ರವಂತೆ, ಮನರಂಜನೆಯಲ್ಲವಂತೆ!

ಬರಿಯ ಬೈಗಳಾದರೆ ಸಾಲದು. ನಮ್ಮ ನಿರ್ದೇಶಕರಿಗೆ ಒಂದು ಕಥೆಯನ್ನೂ ಕೊಡುತ್ತೇನೆ, ಪುಕ್ಕಟೆಯಾಗಿ. ಶ್ರೀರಂಗಪಟ್ಟಣವೆಂದರೆ 1799 ಎಂಬ ಹಟವನ್ನು ಸ್ವಲ್ಪ ಬಿಡಿ. 1791ರ ಮೇ ತಿಂಗಳಿಗೆ ಬನ್ನಿ. ಬೆಂಗಳೂರಿನ ಕೋಟೆಯನ್ನು ಮಾರ್ಚಿಯಲ್ಲಿ ಗೆದ್ದ ಲಾರ್ಡ್ ಕಾರ್ನ್‌ವಾಲಿಸ್ ಭಾರಿ ತೋಪುಗಳನ್ನು ಎಳೆಸಿಕೊಂಡು ಕಾವೇರಿಯ ದಡಕ್ಕೆ ಬಂದಿದ್ದಾನೆ. ಮೇ 15ರಂದು ಅರಕೆರೆಯ ಬಳಿ ಕಾಳಗವನ್ನೂ ಗೆದ್ದಿದ್ದಾನೆ. ಕೋಟೆ ಕಣ್ಣೆದುರಿಗೇ ಇದೆ. ಆದರೆ ಟಿಪ್ಪುವಿನ ಕುದುರೆಯವರು ದಾರಿಯುದ್ದಕ್ಕೂ ಮೇವು ಸುಟ್ಟಿದ್ದಾರೆ, ಮಳೆ ಹಿಡಿದಿದೆ, ದನಗಳಿಗೆ ರೋಗ ತಗುಲಿದೆ. ಎಳೆಯುವ ಎತ್ತುಗಳು ಸತ್ತು ಬೀಳುತ್ತಿವೆ, ಅಕ್ಕಿ ತಳ ಕಂಡಿದೆ. ಮುತ್ತಲು ಬಂದವನನ್ನೇ ಹಸಿವು ಮುತ್ತಿಕೊಂಡಿದೆ. ಕೊನೆಗೆ ತಾನು ಇಷ್ಟು ದೂರ ಎಳೆಸಿ ತಂದ ತೋಪುಗಳನ್ನು ತಾನೇ ಒಡೆಸಿ, ಬೆನ್ನು ತಿರುಗಿಸಿ ಬೆಂಗಳೂರಿಗೆ ಹೊರಡುತ್ತಾನೆ. ಒಂದೂ ಏಣಿ ಬೇಡ, ಗ್ರಾಫಿಕ್ಸ್ ಬೇಡ. ಮಳೆ, ಕೆಸರು, ಮೊಣಕಾಲೂರಿ ಬಿದ್ದ ಒಂದು ಎತ್ತು, ಅದರ ಮೂಗುದಾರ ಹಿಡಿದು ನಿಂತ ಬಾಡಿಗೆಯ ಗಾಡಿಯವನು. ಅಷ್ಟನ್ನು ತೆಗೆಯುವ ಎದೆ ಯಾರಿಗಿದೆಯೋ ಮುಂದೆ ಬರಲಿ; ಮೊದಲ ದಿನದ ಮೊದಲ ಆಟಕ್ಕೆ ಟಿಕೆಟ್ಟು ಕೊಂಡು ನಾನು ಬಂದು ಕೂಡುತ್ತೇನೆ.